ಗಟ್ಟಿಯಾಗುವ ಮುನ್ನ: ಅಕ್ರಿಲೇಟ್ ಅಲರ್ಜಿ ಮತ್ತು ಪ್ಯಾಚ್ ಪರೀಕ್ಷೆಯ ಅಪಾಯಗಳು



ಚರ್ಮದ ಕಾಯಿಲೆಗಳ ಬಗ್ಗೆ ಸಾರ್ವಜನಿಕರಿಗೆ ತಿಳಿಯುವ ಹಾಗೆ ಮಾತಾಡಬೇಕು ಎಂದು ಈ ಉಪನ್ಯಾಸದ ದತ್ತಿಯ ಆಶಯಪತ್ರದಲ್ಲಿದೆ. ತೊನ್ನು, ಕುಷ್ಠ, ಸೋರಿಯಾಸಿಸ್ ಇವುಗಳಲ್ಲಿ ಒಂದನ್ನು ಆರಿಸಿಕೊಂಡಿದ್ದರೆ ವಿಷಯ ನಿಮಗೆಲ್ಲ ಪರಿಚಿತವಾಗಿರುತ್ತಿತ್ತು. ನಾನು ಆರಿಸಿಕೊಂಡಿರುವುದು ಹೆಚ್ಚಿನವರು ಹೆಸರು ಕೇಳದ, ಆದರೆ ದಿನವೂ ಮುಟ್ಟುವ ಒಂದು ರಾಸಾಯನಿಕ ಬಳಗವನ್ನು. ಅಕ್ರಿಲೇಟ್ ಎಂದು ಅದರ ಹೆಸರು. ಹಲ್ಲಿನ ಸೆಟ್ಟು, ಹಲ್ಲಿನ ಬಣ್ಣದ ಫಿಲ್ಲಿಂಗ್, ಮಂಡಿ ಬದಲಿಸುವಾಗ ಹಾಕುವ ಮೂಳೆಸಿಮೆಂಟ್, ಉಗುರಿನ ಜೆಲ್ ಪಾಲಿಶ್, ಕೃತಕ ರೆಪ್ಪೆ ಅಂಟಿಸುವ ಗೋಂದು, ನಟ್ಟು ಬೋಲ್ಟು ಸಡಿಲವಾಗದಂತೆ ಹಾಕುವ ಅಂಟು, ತೋಳಿಗೆ ಅಂಟಿಸಿಕೊಂಡು ಸಕ್ಕರೆ ಅಳೆಯುವ ಬಿಲ್ಲೆ, ಇವೆಲ್ಲದರಲ್ಲೂ ಅದು ಇದೆ. ಇವುಗಳನ್ನು ಬಳಸುವವರಲ್ಲಿ ಕೆಲವರಿಗೆ ಚರ್ಮದ ಅಲರ್ಜಿ ಬರುತ್ತದೆ. ಬಂದದ್ದು ಸಾಮಾನ್ಯವಾಗಿ ಜೀವಮಾನವಿಡೀ ಹೋಗುವುದಿಲ್ಲ.

ಈ ಅಲರ್ಜಿ ಇದೆಯೇ ಇಲ್ಲವೇ ಎಂದು ಪತ್ತೆ ಹಚ್ಚಲು ನಮ್ಮ ಬಳಿ ಇರುವ ಖಚಿತವಾದ ದಾರಿ ಒಂದೇ: ಪ್ಯಾಚ್ ಪರೀಕ್ಷೆ. ಅನುಮಾನವಿರುವ ವಸ್ತುವನ್ನು ಬೆನ್ನಿನ ಮೇಲೆ ಎರಡು ದಿನ ಅಂಟಿಸಿಟ್ಟು ನೋಡುವುದು. ಇಂದಿನ ಮಾತಿನ ಕೇಂದ್ರ ಇಲ್ಲಿದೆ. ಅಲರ್ಜಿಯನ್ನು ಹುಡುಕುವ ಈ ಪರೀಕ್ಷೆಯೇ ಅಪರೂಪಕ್ಕೆ ಅಲರ್ಜಿಯನ್ನು ಹುಟ್ಟಿಸಬಲ್ಲದು. ಅಕ್ರಿಲೇಟ್‌ಗಳ ವಿಷಯದಲ್ಲಿ ಈ ಅಪಾಯ ಉಳಿದ ಬಹುಪಾಲು ವಸ್ತುಗಳಿಗಿಂತ ಹೆಚ್ಚು. ಇದನ್ನು ವೈದ್ಯರು ತಮ್ಮ ನಡುವೆ ಮಾತ್ರ ಮಾತಾಡಿಕೊಂಡರೆ ಸಾಲದು, ಬೆನ್ನು ಕೊಡುವವರಿಗೂ ಗೊತ್ತಿರಬೇಕು ಎಂಬುದು ನನ್ನ ಗಟ್ಟಿಯಾದ ನಂಬಿಕೆ. ಹಾಗೆಂದು ಪರೀಕ್ಷೆ ಬೇಡ ಎಂದು ಹೇಳಲು ನಾನು ಬಂದಿಲ್ಲ. ಸರಿಯಾದ ಅಳತೆಯಲ್ಲಿ, ಸರಿಯಾದ ಕೈಯಲ್ಲಿ, ತಿಳಿಸಿ ಒಪ್ಪಿಗೆ ಪಡೆದು ಮಾಡಿದ ಪರೀಕ್ಷೆ ಎಷ್ಟೋ ಜನರ ಕೆಲಸವನ್ನೂ ಕೈಗಳನ್ನೂ ಉಳಿಸಿದೆ.

ಮೊದಲು ವಸ್ತುವಿನ ಬಗ್ಗೆ. ಅಕ್ರಿಲಿಕ್ ಆಮ್ಲದಿಂದ ಹುಟ್ಟುವ ಸಣ್ಣ ಅಣುಗಳಿಗೆ ಅಕ್ರಿಲೇಟ್ ಎನ್ನುತ್ತೇವೆ. ಅದಕ್ಕೆ ಇನ್ನೊಂದು ಪುಟ್ಟ ಮೀಥೈಲ್ ಗುಂಪು ಸೇರಿದ್ದರೆ ಮೆಥಾಕ್ರಿಲೇಟ್. ಈ ಬಿಡಿ ಅಣುಗಳನ್ನು ಮಾನೊಮರ್ ಎಂದು ಕರೆಯುತ್ತಾರೆ. ಶಾಖ, ಬೆಳಕು ಅಥವಾ ಒಂದು ಚೋದಕ ತಗುಲಿದರೆ ಅವು ಒಂದಕ್ಕೊಂದು ಕೈಹಿಡಿದು ಉದ್ದನೆಯ ಸರಪಳಿಯಾಗಿ ಗಟ್ಟಿಗೊಳ್ಳುತ್ತವೆ. ಹಾಗೆ ಗಟ್ಟಿಯಾದದ್ದು ಪಾಲಿಮರ್. ಜರ್ಮನಿಯ ಆಟೊ ರೋಮ್ 1901ರಲ್ಲಿ ಟ್ಯೂಬಿಂಗನ್‌ನಲ್ಲಿ ಅಕ್ರಿಲಿಕ್ ಆಮ್ಲದ ಗಟ್ಟಿರೂಪಗಳ ಮೇಲೆಯೇ ಡಾಕ್ಟರೇಟ್ ಪಡೆದರು. 1930ರ ದಶಕದಲ್ಲಿ ಇದೇ ರಸಾಯನದಿಂದ ಗಾಜಿನಂತೆ ಪಾರದರ್ಶಕವಾದ, ಸುಲಭಕ್ಕೆ ಒಡೆಯದ ಹಾಳೆಗಳು ಬಂದವು: ಜರ್ಮನಿಯಲ್ಲಿ ಪ್ಲೆಕ್ಸಿಗ್ಲಾಸ್, ಇಂಗ್ಲೆಂಡಿನಲ್ಲಿ ಪರ್ಸ್‌ಪೆಕ್ಸ್. ಅದೇ ದಶಕ ಮುಗಿಯುವ ಹೊತ್ತಿಗೆ ಹಲ್ಲಿನ ಸೆಟ್ಟುಗಳಲ್ಲಿ ಗಡಸು ರಬ್ಬರಿನ ಜಾಗವನ್ನು ಅಕ್ರಿಲಿಕ್ ಹಿಡಿಯತೊಡಗಿತ್ತು.

ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಯುದ್ಧವಿಮಾನಗಳ ಪರ್ಸ್‌ಪೆಕ್ಸ್ ಮೇಲ್ಛಾವಣಿ ಒಡೆದು ಅದರ ಚೂರುಗಳು ಪೈಲಟ್‌ಗಳ ಕಣ್ಣಿಗೆ ಹೊಕ್ಕಿದ್ದವು. ಗಾಜಿನ ಚೂರಾಗಿದ್ದರೆ ಕಣ್ಣು ಕೆರಳುತ್ತಿತ್ತು. ಇವು ಸುಮ್ಮನೆ ಉಳಿದದ್ದನ್ನು ಗಮನಿಸಿದವರು ಲಂಡನ್ನಿನ ನೇತ್ರತಜ್ಞ ಹೆರಾಲ್ಡ್ ರಿಡ್ಲಿ. 1949ರ ನವೆಂಬರಿನಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರು ಪೊರೆ ತೆಗೆದ ಕಣ್ಣಿಗೆ ಅದೇ ವಸ್ತುವಿನ ಮಸೂರ ಕೂರಿಸಿದರು. ಇವತ್ತು ನಮ್ಮ ಊರುಗಳ ಕಣ್ಣಿನ ಶಿಬಿರಗಳಲ್ಲಿ ಆಪರೇಷನ್ ಮಾಡಿಸಿಕೊಂಡ ಎಷ್ಟೋ ಅಜ್ಜ ಅಜ್ಜಿಯರ ಕಣ್ಣಲ್ಲಿರುವುದು ಅದೇ ಅಕ್ರಿಲಿಕ್. 1990ರ ದಶಕದಲ್ಲಿ ಮದುರೆಯ ಅರವಿಂದ ಕಣ್ಣಾಸ್ಪತ್ರೆಯವರು ಅರೋಲ್ಯಾಬ್ ಶುರುಮಾಡಿ ಇಂಥ ಮಸೂರಗಳನ್ನು ಇಲ್ಲೇ ತಯಾರಿಸಿದ ಮೇಲೆ ಬಡವರಿಗೂ ಅವು ಎಟುಕಿದವು.

ದೇಹದ ಅತ್ಯಂತ ಸೂಕ್ಷ್ಮ ಅಂಗದೊಳಗೆ ದಶಕಗಟ್ಟಲೆ ತೊಂದರೆಯಿಲ್ಲದೆ ಕೂರುವ ಈ ವಸ್ತುವಿನಿಂದಲೇ ಬೆರಳ ತುದಿ ಬಿರಿದು ರಕ್ತ ಬರುವುದು ಹೇಗೆ? ಪೂರ್ತಿ ಗಟ್ಟಿಯಾದ ಪಾಲಿಮರ್‌ನ ಅಣು ಬಹಳ ದೊಡ್ಡದು, ಚರ್ಮದೊಳಗೆ ಇಳಿಯಲಾರದು. ಗಟ್ಟಿಯಾಗುವ ಮುನ್ನಿನ ಮಾನೊಮರ್ ಚಿಕ್ಕದು, ಇಳಿಯುತ್ತದೆ. ಉಗುರಿನ ಜೆಲ್‌ಗಳಲ್ಲಿ ಮತ್ತು ಹಲ್ಲಿನ ಅಂಟುಗಳಲ್ಲಿ ಹೆಚ್ಚಾಗಿ ಸಿಗುವ ಹೈಡ್ರಾಕ್ಸಿಈಥೈಲ್ ಮೆಥಾಕ್ರಿಲೇಟ್ ಅನ್ನು ನಾವು ವೈದ್ಯರು ಚಿಕ್ಕದಾಗಿ ‘ಹೀಮಾ’ ಎನ್ನುತ್ತೇವೆ. ಅದರ ಅಣುತೂಕ ಬರೀ 130. ಸುಮಾರು 500ಕ್ಕಿಂತ ಹಗುರವಾದ ಅಣುಗಳು ಚರ್ಮದ ಮೇಲ್ಪದರ ದಾಟಬಲ್ಲವು ಎಂಬುದು ನಮ್ಮ ಶಾಸ್ತ್ರದ ಸಾಮಾನ್ಯ ಲೆಕ್ಕ.

ಒಳಗೆ ಹೋದ ಮೇಲೆ ಏನಾಗುತ್ತದೆ ಎನ್ನುವುದಕ್ಕೆ ಕನ್ನಡ ನಾಡಿನವರಿಗೆ ಚೆನ್ನಾಗಿ ಗೊತ್ತಿರುವ ಒಂದು ಗಿಡದ ಕಡೆಗೆ ತಿರುಗುತ್ತೇನೆ. ಪಾರ್ಥೇನಿಯಂ, ನಮ್ಮ ಜನ ಕಾಂಗ್ರೆಸ್ ಗಿಡ ಎನ್ನುವುದು. 1950ರ ದಶಕದಲ್ಲಿ ಪುಣೆಯ ಬಳಿ ಗುರುತಿಸಲ್ಪಟ್ಟು ನೋಡನೋಡುತ್ತಾ ದೇಶವೆಲ್ಲ ಹರಡಿದ ಕಳೆ. ಹೊಲದ ಬದುವಿನಲ್ಲಿ ಅದನ್ನು ಕಿತ್ತು ಕಿತ್ತು ಮುಖ, ಕತ್ತು, ಮೊಣಕೈ ಮಡಿಕೆಯಲ್ಲಿ ಚರ್ಮ ದಪ್ಪಗಟ್ಟಿ ಕಪ್ಪಾದ ರೈತರನ್ನು ನಮ್ಮ ರಾಜ್ಯದ ಚರ್ಮವೈದ್ಯರೆಲ್ಲ ನೋಡಿದ್ದಾರೆ. 1970ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ.ವಿ. ಸುಬ್ಬರಾವ್ ಮತ್ತು ಸಂಗಡಿಗರು ಈ ಅಲರ್ಜಿಯನ್ನು ಅಧ್ಯಯನ ಮಾಡಿದರು. ಅದರ ಮುಖ್ಯ ಕಾರಣ ಗಿಡದಲ್ಲಿರುವ ಪಾರ್ಥೇನಿನ್ ಎಂಬ ಸಂಯುಕ್ತ. ಆ ಪಾರ್ಥೇನಿನ್‌ನ ರಚನೆಯನ್ನು ಅಕ್ರಿಲೇಟಿನ ಪಕ್ಕದಲ್ಲಿಟ್ಟು ನೋಡಿದರೆ ಎರಡರಲ್ಲೂ ಒಂದೇ ಬಗೆಯ ತುಣುಕು ಕಾಣುತ್ತದೆ: ಇಂಗಾಲ ಇಂಗಾಲಗಳ ಜೋಡಿಬಂಧ, ಅದಕ್ಕೆ ಒತ್ತಿಕೊಂಡೇ ಒಂದು ಕಾರ್ಬೊನಿಲ್ ಗುಂಪು. ಈ ಜೋಡಣೆಗೆ ಗಂಧಕವಿರುವ ಅಣುಗಳನ್ನು ಕಂಡರೆ ಆಸೆ. ಚರ್ಮದ ಪ್ರೋಟೀನುಗಳಲ್ಲಿರುವ ಸಿಸ್ಟೀನಿನ ಗಂಧಕಕ್ಕೆ ಹೋಗಿ ಕಚ್ಚಿಕೊಳ್ಳುತ್ತದೆ, ಮತ್ತೆ ಬಿಡುವುದಿಲ್ಲ. ಅಕ್ರಿಲೇಟ್ ಅಣುಗಳು ಒಂದನ್ನೊಂದು ಹಿಡಿದು ಪ್ಲಾಸ್ಟಿಕ್ ಆಗುವುದೂ ಅದೇ ಜೋಡಿಬಂಧದ ಬಲದಿಂದ. ಅಂದರೆ ವಸ್ತುವನ್ನು ಉಪಯುಕ್ತ ಮಾಡಿದ ಗುಣವೇ ಚರ್ಮಕ್ಕೆ ಅಪಾಯ ತಂದಿದೆ. ಕಾಡು ಕಳೆಯೊಂದೂ ಕಾರ್ಖಾನೆಯ ರಾಳವೊಂದೂ ರಸಾಯನದಲ್ಲಿ ಹೀಗೆ ಬಂಧುಗಳಾಗಿರುವುದನ್ನು ವಿದ್ಯಾರ್ಥಿಗಳಿಗೆ ಹೇಳುವಾಗ ನನಗೆ ಪ್ರತಿಸಲವೂ ಬೆರಗಾಗುತ್ತದೆ.

ಅನ್ಯ ಅಣು ಅಂಟಿಕೊಂಡ ಪ್ರೋಟೀನನ್ನು ಚರ್ಮದ ಕಾವಲಿಗಿರುವ ಲ್ಯಾಂಗರ್‌ಹಾನ್ಸ್ ಕೋಶಗಳು ಹೊತ್ತು ಹತ್ತಿರದ ದುಗ್ಧಗ್ರಂಥಿಗೆ ಒಯ್ಯುತ್ತವೆ. ಅಲ್ಲಿ ಟಿ-ಜೀವಕೋಶಗಳು ಅದನ್ನು ಗುರುತಿಟ್ಟುಕೊಂಡು ವೃದ್ಧಿಯಾಗುತ್ತವೆ. ಇದಕ್ಕೆ ಹತ್ತರಿಂದ ಹದಿನಾಲ್ಕು ದಿನ ಬೇಕು. ಈ ಅವಧಿಯಲ್ಲಿ ಚರ್ಮದ ಮೇಲೆ ಏನೂ ಕಾಣುವುದಿಲ್ಲ. ಒಮ್ಮೆ ನೆನಪು ಕೂತರೆ ಮುಂದೆ ಅದೇ ಅಣು ತಗುಲಿದಾಗ ಎರಡು ಮೂರು ದಿನದಲ್ಲೇ ತುರಿಕೆ, ಕೆಂಪು, ಗುಳ್ಳೆ. ಹತ್ತು ಹದಿನಾಲ್ಕು ದಿನ ಮತ್ತು ಎರಡು ಮೂರು ದಿನ, ಈ ಎರಡು ಲೆಕ್ಕಗಳನ್ನು ದಯವಿಟ್ಟು ನೆನಪಿನಲ್ಲಿಡಿ. ಪರೀಕ್ಷೆಯ ಅಪಾಯ ಅರ್ಥವಾಗುವುದು ಇವುಗಳಿಂದಲೇ.

ಈ ಅಲರ್ಜಿ ಹೊಸದಲ್ಲ. ನ್ಯೂಯಾರ್ಕಿನ ಚರ್ಮತಜ್ಞ ಅಲೆಕ್ಸಾಂಡರ್ ಫಿಶರ್ 1954ರಲ್ಲಿ ಹಲ್ಲಿನ ಸೆಟ್ಟಿನ ಅಕ್ರಿಲಿಕ್‌ನಿಂದ ಚರ್ಮಕ್ಕೂ ಬಾಯಿಗೂ ಬಂದ ಅಲರ್ಜಿಯನ್ನು ವರದಿ ಮಾಡಿದರು. 1956ರಲ್ಲಿ ಕನಿಜಾರಿಸ್ ಎಂಬ ವೈದ್ಯರು ಕೃತಕ ಉಗುರುಗಳಿಂದ ಬಂದ ಚರ್ಮದ ಉರಿಯೂತವನ್ನು ದಾಖಲಿಸಿದರು. 1970ರ ದಶಕದಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಶುದ್ಧ ಮೀಥೈಲ್ ಮೆಥಾಕ್ರಿಲೇಟ್ ದ್ರವವಿದ್ದ ಉಗುರು ಸಾಮಗ್ರಿಗಳನ್ನು ನ್ಯಾಯಾಲಯದ ಮೂಲಕ ಮಾರುಕಟ್ಟೆಯಿಂದ ತೆಗೆಸಿತು. ತಯಾರಕರು ಬೇರೆ ಮೆಥಾಕ್ರಿಲೇಟ್‌ಗಳಿಗೆ ಹೋದರು, ಅಲರ್ಜಿಯೂ ಹಿಂದೆಯೇ ಹೋಯಿತು. 2012ರಲ್ಲಿ ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ ಅಕ್ರಿಲೇಟ್‌ಗಳನ್ನು ‘ವರ್ಷದ ಅಲರ್ಜಿಕಾರಕ’ ಎಂದು ಘೋಷಿಸಿತು. 2018ರಲ್ಲಿ ಬ್ರಿಟಿಷ್ ಚರ್ಮತಜ್ಞರ ಸಂಘ ಸಾರ್ವಜನಿಕ ಎಚ್ಚರಿಕೆ ಕೊಟ್ಟಿತು. ಬ್ರಿಟನ್ ಮತ್ತು ಐರ್ಲೆಂಡಿನ ಕೇಂದ್ರಗಳಲ್ಲಿ ಪರೀಕ್ಷಿಸಿದವರಲ್ಲಿ ಶೇಕಡಾ 2.4ರಷ್ಟು ಜನರಿಗೆ ಈ ಬಳಗದ ಒಂದಾದರೂ ವಸ್ತುವಿಗೆ ಅಲರ್ಜಿ ಇತ್ತು. ಇದು ಚರ್ಮದ ತೊಂದರೆಯೆಂದು ಆಸ್ಪತ್ರೆಗೆ ಬಂದವರ ನಡುವಿನ ಲೆಕ್ಕ. ಇಡೀ ಜನಸಂಖ್ಯೆಗೆ ಹಾಗೇ ಅನ್ವಯಿಸಬಾರದು.

ಉಗುರಿನ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಬೀದಿಗಳಲ್ಲಿ ನೇಲ್ ಆರ್ಟ್ ಫಲಕಗಳು ಈಗ ಎಲ್ಲೆಡೆ ಕಾಣುತ್ತವೆ. ಮಾಮೂಲಿ ನೇಲ್ ಪಾಲಿಶ್ ಗಾಳಿಗೆ ಒಣಗುತ್ತದೆ. ಜೆಲ್ ಪಾಲಿಶ್ ಒಣಗುವುದಿಲ್ಲ, ದೀಪದ ಅಡಿಯಲ್ಲಿ ಪಾಲಿಮರ್ ಆಗುತ್ತದೆ. ದೀಪದ ಬೆಳಕಿನ ತರಂಗಾಂತರ ಆ ಜೆಲ್‌ಗೆ ಹೊಂದಬೇಕು, ಶಕ್ತಿ ಸಾಕಷ್ಟಿರಬೇಕು, ಲೇಪನ ತೆಳ್ಳಗಿರಬೇಕು. ಒಂದು ಕಂಪನಿಯ ಜೆಲ್‌ಗೆ ಇನ್ನೊಂದರ ಅಗ್ಗದ ದೀಪ ಹಿಡಿದರೆ, ಸರಿಯಾಗಿ ಹೆಪ್ಪುಗಟ್ಟದ ಮೊಸರಿನಲ್ಲಿ ನೀರು ಉಳಿಯುವ ಹಾಗೆ, ಮೇಲೆ ಗಟ್ಟಿಯಾಗಿ ಕಂಡರೂ ಒಳಗೆ ಮಾನೊಮರ್ ಉಳಿಯುತ್ತದೆ. ಕುಂಚ ತಪ್ಪಿ ಉಗುರಿನ ಸುತ್ತಲ ಚರ್ಮಕ್ಕೆ ತಗುಲಿದ ಜೆಲ್ ಅನ್ನು ಬೆರಳಿನಿಂದಲೇ ಒರೆಸುವುದು ವಾಡಿಕೆ. ಆನ್‌ಲೈನ್‌ನಲ್ಲಿ ಕಿಟ್ ತರಿಸಿ ಮನೆಯಲ್ಲೇ ಹಚ್ಚಿಕೊಳ್ಳುವವರು ಇದನ್ನು ಇನ್ನೂ ಹೆಚ್ಚು ಮಾಡುತ್ತಾರೆ.

ಹಚ್ಚಿಸಿಕೊಂಡವರಿಗಿಂತ ಹಚ್ಚುವವರ ಪಾಡು ನನ್ನನ್ನು ಹೆಚ್ಚು ಕಾಡುತ್ತದೆ. “ಮೇಡಂ, ನನ್ನ ಉಗುರಿಗೆ ನಾನು ಏನೂ ಹಾಕಿಕೊಳ್ಳುವುದಿಲ್ಲ, ಬೇರೆಯವರಿಗೆ ಹಚ್ಚುತ್ತೇನೆ ಅಷ್ಟೇ” ಎಂದು ಹೇಳುವ ಹುಡುಗಿಯರು ಬರುತ್ತಾರೆ. ಹೆಬ್ಬೆರಳು, ತೋರುಬೆರಳು, ನಡುಬೆರಳಿನ ತುದಿ ಒಣಗಿ ಬಿರಿದಿರುತ್ತದೆ. ಕೆಲವರಿಗೆ ಉಗುರು ಬುಡದಿಂದ ಸಡಿಲವಾಗಿರುತ್ತದೆ, ಬೆರಳಿಗೆ ಜೋಮು ಹಿಡಿದಂತೆ ಇರುತ್ತದೆ. ಇನ್ನು ಕೆಲವರಿಗೆ ಬೆರಳು ಚೆನ್ನಾಗಿಯೇ ಇದ್ದು ಕಣ್ಣಿನ ರೆಪ್ಪೆ, ಕತ್ತು ಕೆಂಪಾಗಿ ಊದಿಕೊಂಡಿರುತ್ತವೆ. ಬೆರಳಿನಿಂದ ಮುಖಕ್ಕೆ ಹೋದದ್ದು, ಉಗುರು ಉಜ್ಜಿದ ಧೂಳಿನಿಂದ ಬಂದದ್ದು. ಇವರಿಗೆ ತಿಂಗಳುಗಟ್ಟಲೆ ಹುಳಕಡ್ಡಿಯ ಮುಲಾಮು ಕೊಟ್ಟಿರುವುದೂ ಉಂಟು. ಏನು ಕೆಲಸ ಮಾಡುತ್ತೀಯಮ್ಮ ಎಂದು ಯಾರಾದರೂ ಮೊದಲೇ ಕೇಳಿದ್ದರೆ ಅಷ್ಟು ದೂರ ಬರುತ್ತಿರಲಿಲ್ಲ.

ಕೈಗವಸು ಹಾಕಿಕೊಂಡೇ ಮಾಡುತ್ತೇವೆ ಎನ್ನುವವರೂ ಇದ್ದಾರೆ. ತೆಳುವಾದ ಲೇಟೆಕ್ಸ್ ಗವಸನ್ನು ಮಾನೊಮರ್ ಕೆಲವೇ ನಿಮಿಷಗಳಲ್ಲಿ ದಾಟುತ್ತದೆ. ನೈಟ್ರೈಲ್ ಸ್ವಲ್ಪ ಹೆಚ್ಚು ಹೊತ್ತು ತಡೆಯುತ್ತದೆ, ಆದರೆ ಅದನ್ನೂ ಆಗಾಗ ಬದಲಿಸಬೇಕು. ನಿಜವಾಗಿ ತಡೆಯುವುದು ಹಲವು ಪದರಗಳ ಲ್ಯಾಮಿನೇಟ್ ಗವಸು. ಅದರಲ್ಲಿ ಸೂಕ್ಷ್ಮ ಕೆಲಸ ಮಾಡುವುದು ಕಷ್ಟ. ಹಲ್ಲಿನ ವೈದ್ಯರಿಗೂ ಇದೇ ತೊಡಕು. ಫಿಲ್ಲಿಂಗ್‌ಗೆ ಮುಂಚೆ ಹಚ್ಚುವ ಅಂಟಿನಲ್ಲಿ ಹೀಮಾ ಇರುತ್ತದೆ, ಬಾಟಲಿಯ ಮುಚ್ಚಳದಿಂದ ಗವಸಿಗೆ, ಗವಸಿನಿಂದ ಬೆರಳಿಗೆ. ಮೂಳೆಸಿಮೆಂಟ್ ಕಲಸುವ ಶಸ್ತ್ರಚಿಕಿತ್ಸಕರು, ಸೆಟ್ಟು ತಯಾರಿಸುವ ಟೆಕ್ನಿಷಿಯನ್‌ಗಳು, ದೀಪದಲ್ಲಿ ಒಣಗುವ ಶಾಯಿ ಬಳಸುವ ಮುದ್ರಕರು, ಯಂತ್ರ ಜೋಡಿಸುವ ಕಾರ್ಮಿಕರು, ಇವರೆಲ್ಲರದೂ ಹೆಚ್ಚುಕಡಿಮೆ ಅದೇ ಕತೆ.

ಮಧುಮೇಹಿಗಳ ಬಿಲ್ಲೆಯ ಪ್ರಸಂಗ ಮಾತ್ರ ಬೇರೆ. ಫ್ರೀಸ್ಟೈಲ್ ಲಿಬ್ರೆ ಎಂಬ ಸಾಧನ 14 ದಿನ ತೋಳಿನ ಮೇಲಿರುತ್ತದೆ. ಅದರ ಅಡಿಯಲ್ಲಿ ಕೆಲವರಿಗೆ ಜೋರಾದ ಇಸುಬು ಬರತೊಡಗಿತು. ಅಂಟುಪಟ್ಟಿಯದೇ ದೋಷ ಎಂದು ಎಲ್ಲರೂ ಭಾವಿಸಿದ್ದರು. 2017ರಲ್ಲಿ ಬೆಲ್ಜಿಯಂ ಮತ್ತು ಸ್ವೀಡನ್ನಿನ ವೈದ್ಯರು ಸಾಧನವನ್ನೇ ರಾಸಾಯನಿಕವಾಗಿ ವಿಶ್ಲೇಷಿಸಿ, ಐಸೊಬಾರ್ನೈಲ್ ಅಕ್ರಿಲೇಟ್ ಕಾರಣವೆಂದು ತೋರಿಸಿದರು. ಪ್ಲಾಸ್ಟಿಕ್ ಕವಚದ ಎರಡು ಭಾಗಗಳನ್ನು ಕೂಡಿಸಿದ ಜಾಗದಿಂದ ಅದು ಅಂಟುಪಟ್ಟಿಗೆ ಇಳಿದು ಚರ್ಮ ತಲುಪುತ್ತಿತ್ತು. ಸಾಧನದಲ್ಲಿ ಏನೇನಿದೆ ಎಂಬ ಪೂರ್ಣ ಪಟ್ಟಿ ವೈದ್ಯರಿಗೆ ಸಿಗದಿದ್ದುದರಿಂದ ಇಷ್ಟು ಸುತ್ತಬೇಕಾಯಿತು. 2020ರಲ್ಲಿ ಐಸೊಬಾರ್ನೈಲ್ ಅಕ್ರಿಲೇಟ್ ತಾನೇ ವರ್ಷದ ಅಲರ್ಜಿಕಾರಕ ಎನಿಸಿಕೊಂಡಿತು. ಹೀಮಾಗೆ ಅಲರ್ಜಿ ಇಲ್ಲ ಎಂದು ಪರೀಕ್ಷೆಯಲ್ಲಿ ಬಂದರೂ ಇದಕ್ಕೆ ಇರಬಹುದು, ಇದನ್ನು ಬೇರೆಯಾಗಿಯೇ ಪರೀಕ್ಷಿಸಬೇಕು.

ಈಗ ಪರೀಕ್ಷೆಗೆ ಬರುತ್ತೇನೆ. 1895ರಲ್ಲಿ ಆಸ್ಟ್ರಿಯದ ಗ್ರಾಝ್ ನಗರದಲ್ಲಿ ನಡೆದ ಜರ್ಮನ್ ಚರ್ಮತಜ್ಞರ ಸಮ್ಮೇಳನದಲ್ಲಿ ಯೋಸೆಫ್ ಯಾಡಾಸ್ಸೋನ್ ಇದನ್ನು ಮೊದಲ ಸಲ ವಿವರಿಸಿದರು. ಪಾದರಸದ ಮುಲಾಮಿನಿಂದ ಚರ್ಮ ಕೆರಳಿದ್ದ ರೋಗಿಗೆ ಅದನ್ನೇ ಬೇರೆ ಕಡೆ ಅಂಟಿಸಿ, ಅಲ್ಲಿಯೂ ಅದೇ ಪ್ರತಿಕ್ರಿಯೆ ಬರುವುದನ್ನು ತೋರಿಸಿದ್ದರು. ಝೂರಿಕ್‌ನ ಬ್ರೂನೊ ಬ್ಲಾಖ್ ಈ ವಿಧಾನವನ್ನು ಬೆಳೆಸಿದರು. ಅವರೇ 1920ರ ದಶಕದಲ್ಲಿ ಪ್ರಿಮುಲಾ ಎಂಬ ಹೂಗಿಡದ ಗಾಢ ಸಾರವನ್ನು ಹಚ್ಚಿ, ಮೊದಲು ಅಲರ್ಜಿ ಇಲ್ಲದವರಲ್ಲೂ ಅದನ್ನು ಹುಟ್ಟಿಸಬಹುದು ಎಂದು ತೋರಿಸಿದರು. ಪರೀಕ್ಷೆಯ ಎರಡು ಮುಖಗಳೂ ಒಬ್ಬನೇ ವಿಜ್ಞಾನಿಯ ಕೆಲಸದಲ್ಲಿ ಹೀಗೆ ಸೇರಿವೆ.

ಆ ಎರಡನೇ ಮುಖವನ್ನು ಬೇಕೆಂದೇ ಬಳಸಿದ ಕಾಲವೂ ಇತ್ತು. ಅಮೆರಿಕದ ಆಲ್ಬರ್ಟ್ ಕ್ಲಿಗ್‌ಮನ್ ಯಾವ ರಾಸಾಯನಿಕ ಎಷ್ಟು ಜನರಲ್ಲಿ ಅಲರ್ಜಿ ಹುಟ್ಟಿಸುತ್ತದೆ ಎಂದು ಅಳೆಯುವ ಮಾನವ ಪರೀಕ್ಷೆಯನ್ನು 1966ರಲ್ಲಿ ಪ್ರಕಟಿಸಿದರು. ಅದಕ್ಕೆ ಚರ್ಮ ಕೊಟ್ಟವರು ಸೆರೆಮನೆಯ ಕೈದಿಗಳು. ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಸೆರೆಮನೆಯಲ್ಲಿ ಅವರು ನಡೆಸಿದ ಪ್ರಯೋಗಗಳು ವೈದ್ಯಕೀಯ ನೀತಿಯ ಚರಿತ್ರೆಯಲ್ಲಿ ಇವತ್ತಿಗೂ ನೋವಿನ ಅಧ್ಯಾಯ. ನಮ್ಮ ಪಠ್ಯಗಳಲ್ಲಿರುವ ಜ್ಞಾನದ ಒಂದು ಭಾಗ ಆ ಬೆನ್ನುಗಳ ಮೇಲಿನಿಂದ ಬಂದದ್ದು. ಒಪ್ಪಿಗೆಯ ಪ್ರಶ್ನೆಯನ್ನು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಅದೂ ಒಂದು ಕಾರಣ.

ಇಂದಿನ ಪರೀಕ್ಷೆ ಹೀಗಿರುತ್ತದೆ. ಎಂಟು ಮಿಲಿಮೀಟರ್ ಅಗಲದ ಪುಟ್ಟ ಅಲ್ಯುಮಿನಿಯಂ ಬಟ್ಟಲುಗಳಲ್ಲಿ, ವ್ಯಾಸಲೀನ್‌ನಲ್ಲಿ ತಕ್ಕ ಪ್ರಮಾಣಕ್ಕೆ ಬೆರೆಸಿದ ವಸ್ತುವನ್ನು ಸುಮಾರು 20 ಮಿಲಿಗ್ರಾಂ ಇಟ್ಟು ಬೆನ್ನಿನ ಮೇಲ್ಭಾಗಕ್ಕೆ ಟೇಪಿನಲ್ಲಿ ಅಂಟಿಸುತ್ತೇವೆ. 48 ಗಂಟೆ ಇರಬೇಕು. ಬೆನ್ನಿಗೆ ನೀರು ತಾಗಬಾರದು, ಬೆವರಬಾರದು. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಹೊಲದ ಕೆಲಸದವರಿಗೆ ಇದು ಸುಲಭವಲ್ಲ, ಹಾಗಾಗಿ ಸಾಧ್ಯವಿದ್ದರೆ ತಂಪು ಕಾಲಕ್ಕೆ ಮುಂದೂಡುವುದು ಮೇಲು. ತೆಗೆದ ದಿನ ಒಮ್ಮೆ ಬೆನ್ನನ್ನು ಓದಬೇಕು, ನಾಲ್ಕನೇ ದಿನದ ಸುಮಾರಿಗೆ ಮತ್ತೆ, ಏಳನೇ ದಿನಕ್ಕೆ ಇನ್ನೊಮ್ಮೆ. ಅಕ್ರಿಲೇಟ್‌ಗಳಲ್ಲಿ ಆ ಕೊನೆಯ ಓದು ಮುಖ್ಯ, ಏಕೆಂದರೆ ಕೆಲವರಲ್ಲಿ ಪ್ರತಿಕ್ರಿಯೆ ತಡವಾಗಿ ಬರುತ್ತದೆ. ನಮ್ಮ ಕಂದು ಚರ್ಮದಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ. ಬೆರಳಾಡಿಸಿ ಚರ್ಮ ಉಬ್ಬಿದೆಯೇ ಎಂದು ನೋಡಲೇಬೇಕು.

ಈಗ ಆ ಎರಡು ಲೆಕ್ಕಗಳನ್ನು ನೆನಪಿಸಿಕೊಳ್ಳಿ. ಮೊದಲೇ ಅಲರ್ಜಿ ಇದ್ದವರ ಬೆನ್ನು ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಉತ್ತರ ಕೊಡುತ್ತದೆ. ನಾಲ್ಕನೇ ದಿನ, ಏಳನೇ ದಿನ ಏನೂ ಇಲ್ಲದೆ, ಹತ್ತು ಹದಿನಾಲ್ಕು ದಿನ ಕಳೆದ ಮೇಲೆ ಬಟ್ಟಲಿಟ್ಟ ಜಾಗ ಒಮ್ಮೆಲೇ ಕೆಂಪಾಗಿ ಉಬ್ಬಿದರೆ? ಆ ವಸ್ತುವಿನ ನೆನಪು ದೇಹದಲ್ಲಿ ಕೂತದ್ದು ಪರೀಕ್ಷೆಯಿಂದಲೇ ಇರಬಹುದು. ಇದನ್ನು ಸಕ್ರಿಯ ಸಂವೇದೀಕರಣ ಎನ್ನುತ್ತೇವೆ. ಕೂದಲಿನ ಬಣ್ಣದಲ್ಲಿರುವ ಪ್ಯಾರಾ-ಫಿನೈಲೀನ್ ಡೈಅಮೀನ್ ಕೂಡ ಅಪರೂಪಕ್ಕೆ ಹೀಗೆ ಮಾಡುತ್ತದೆ.

ಅಕ್ರಿಲೇಟ್‌ಗಳಲ್ಲಿ ಈ ಅಪಾಯವನ್ನು ಬೆಳಕಿಗೆ ತಂದವರಲ್ಲಿ ಮುಖ್ಯರು ಹೆಲ್ಸಿಂಕಿಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲಾಸ್ಸೆ ಕನೆರ್ವಾ ಮತ್ತು ಸಂಗಡಿಗರು. ಪರೀಕ್ಷೆಗೆ ಬಳಸಿದ ಅಕ್ರಿಲೇಟ್‌ಗಳಿಂದಲೇ ರೋಗಿಗಳಿಗೆ ಅಲರ್ಜಿ ಅಂಟಿದ್ದನ್ನು ಅವರು 1988ರಲ್ಲಿ ಪ್ರಕಟಿಸಿದರು. ತಮ್ಮದೇ ಕೇಂದ್ರದಲ್ಲಿ, ತಮ್ಮದೇ ಕೈಯಿಂದ ಆದದ್ದನ್ನು ಮುಚ್ಚಿಡದೆ ಬರೆದದ್ದಕ್ಕೆ ಅವರ ಮೇಲೆ ನನಗೆ ದೊಡ್ಡ ಗೌರವ. ಅಂಥ ವರದಿಗಳ ಫಲವಾಗಿ ಪ್ರಮಾಣಗಳು ಇಳಿದವು. ಇಂದು ಮೆಥಾಕ್ರಿಲೇಟ್‌ಗಳನ್ನು ಸಾಮಾನ್ಯವಾಗಿ ಶೇಕಡಾ 2ರಲ್ಲಿ, ಅವುಗಳಿಗಿಂತ ಚುರುಕಾದ ಅಕ್ರಿಲೇಟ್‌ಗಳನ್ನು ಶೇಕಡಾ 0.1ರಲ್ಲಿ ಪರೀಕ್ಷಿಸುತ್ತೇವೆ. ಇಪ್ಪತ್ತು ಪಟ್ಟು ವ್ಯತ್ಯಾಸ. ಲೇಬಲ್ ತಪ್ಪಾಗಿ ಓದಿದರೆ, ಅಥವಾ ಎರಡೂ ಒಂದೇ ಎಂದುಕೊಂಡರೆ, ಆಗುವ ಹಾನಿ ಬೆನ್ನಿನ ಒಂದು ಕಲೆಗೆ ನಿಲ್ಲುವುದಿಲ್ಲ.

ಇಂಥ ತಡವಾದ ಪ್ರತಿಕ್ರಿಯೆ ಪರೀಕ್ಷೆಯಿಂದಲೇ ಹುಟ್ಟಿದ್ದೋ, ಮೊದಲೇ ಇದ್ದ ದುರ್ಬಲ ಅಲರ್ಜಿ ನಿಧಾನವಾಗಿ ಎದ್ದದ್ದೋ ಎಂದು ಬೇರ್ಪಡಿಸುವುದು ಕಷ್ಟ. ಖಚಿತಪಡಿಸಿಕೊಳ್ಳಲು ಮತ್ತೆ ಪರೀಕ್ಷಿಸಬಹುದು, ಆಗ ಎರಡು ಮೂರು ದಿನದಲ್ಲೇ ಎದ್ದರೆ ಸಂವೇದೀಕರಣ ಎಂಬ ಅನುಮಾನ ಬಲವಾಗುತ್ತದೆ. ಆದರೆ ಅದಕ್ಕೆ ಅದೇ ವಸ್ತುವನ್ನು ಮತ್ತೆ ಮೈಮೇಲೆ ಇಡಬೇಕು. ಅದರಿಂದ ರೋಗಿಗೇನು ಲಾಭ ಎಂದು ತೂಗಿ ನೋಡದೆ, ನಮ್ಮ ಕುತೂಹಲಕ್ಕಾಗಿ ಮಾಡಬಾರದು.

ಹಾಗಿದ್ದರೂ 2019ರಲ್ಲಿ ಯುರೋಪಿನ ತಜ್ಞರು ಹೀಮಾವನ್ನು ತಮ್ಮ ಮೂಲ ಸರಣಿಗೆ, ಅಂದರೆ ಅಲರ್ಜಿಯ ಅನುಮಾನದಿಂದ ಬರುವ ಎಲ್ಲರಿಗೂ ಹಾಕುವ ಪಟ್ಟಿಗೆ, ಸೇರಿಸಿದರು. ಪಟ್ಟಿಗೆ ಸೇರಿಸದಿದ್ದರೆ ಎಷ್ಟೋ ಜನರ ಅಲರ್ಜಿ ಪತ್ತೆಯಾಗದೇ ಉಳಿಯುತ್ತಿತ್ತು. ಶೇಕಡಾ 2ರಲ್ಲಿ ಅಲರ್ಜಿ ಅಂಟುವ ಅಪಾಯ ಕಡಿಮೆ ಎಂದು ತೂಗಿ ನೋಡಿ ತೆಗೆದುಕೊಂಡ ತೀರ್ಮಾನ ಅದು. ನನಗೂ ಅದು ಸರಿ ಎನಿಸುತ್ತದೆ. ನಮ್ಮಲ್ಲಿ ಬಹುಕಾಲ ಬಳಕೆಯಲ್ಲಿದ್ದ ಭಾರತೀಯ ಮೂಲ ಸರಣಿಯ ಸುಮಾರು 20 ವಸ್ತುಗಳಲ್ಲಿ ಪಾರ್ಥೇನಿಯಂ ಇದೆ, ಸಿಮೆಂಟಿನ ಕ್ರೋಮೇಟ್ ಇದೆ, ನಿಕ್ಕೆಲ್ ಇದೆ. ಅಕ್ರಿಲೇಟ್ ಇಲ್ಲ. ಹೊಲ ಮತ್ತು ಗಾರೆ ಕೆಲಸ ಮುಖ್ಯವಾಗಿದ್ದ ಕಾಲಕ್ಕೆ ಹೊಂದುವ ಪಟ್ಟಿ ಅದು. ಸರಣಿಯನ್ನಷ್ಟೇ ಹಾಕಿ “ಯಾವುದಕ್ಕೂ ಅಲರ್ಜಿ ಇಲ್ಲ” ಎಂದು ಕಳಿಸಿದರೆ ಪಾರ್ಲರ್ ಹುಡುಗಿ ಮರುದಿನ ಅದೇ ಜೆಲ್ ಮುಟ್ಟುತ್ತಾಳೆ. ಇದನ್ನೂ ನಾನು ಪರೀಕ್ಷೆಯ ಅಪಾಯಗಳಲ್ಲಿಯೇ ಎಣಿಸುತ್ತೇನೆ.

ಸುಳ್ಳು ನಿರಾಳಕ್ಕೆ ಇನ್ನೊಂದು ದಾರಿಯೂ ಇದೆ. ಈ ಮಾನೊಮರ್‌ಗಳಲ್ಲಿ ಹಲವು ಬೇಗ ಆವಿಯಾಗುತ್ತವೆ. ಬೆಳಿಗ್ಗೆಯೇ ಬಟ್ಟಲು ತುಂಬಿಟ್ಟು ಸಂಜೆ ರೋಗಿಗೆ ಅಂಟಿಸಿದರೆ ಒಳಗೆ ಉಳಿದಿರುವುದು ಎಷ್ಟೋ ಕಡಿಮೆ. ಪರೀಕ್ಷೆಯ ವಸ್ತುಗಳಿರುವ ಸಿರಿಂಜುಗಳು ಫ್ರಿಜ್ಜಿನಲ್ಲಿರಬೇಕು, ಬಟ್ಟಲನ್ನು ಅಂಟಿಸುವ ಹೊತ್ತಿಗೆ ತುಂಬಬೇಕು, ಅವಧಿ ಮುಗಿದದ್ದನ್ನು ಬಿಸಾಡಬೇಕು. ಉಳಿದ ತೊಂದರೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಜೋರಾದ ಪ್ರತಿಕ್ರಿಯೆ ಬಂದ ಜಾಗದಲ್ಲಿ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು, ಅಪರೂಪಕ್ಕೆ ಬಣ್ಣ ಹೋಗಬಹುದು. ಹಳೆಯ ಇಸುಬು ಮತ್ತೆ ಕೆರಳಬಹುದು. ಕಾಯಿಲೆ ಜೋರಾಗಿರುವಾಗ ಪರೀಕ್ಷಿಸಿದರೆ ಇಡೀ ಬೆನ್ನು ಕೆಂಪಾಗಿ ಯಾವುದು ನಿಜ ಎಂದು ತಿಳಿಯುವುದಿಲ್ಲ. ಗರ್ಭಿಣಿಯರಿಗೆ ಸಾಮಾನ್ಯವಾಗಿ ಮುಂದೂಡುತ್ತೇವೆ. ಸ್ಟೀರಾಯ್ಡ್ ಮಾತ್ರೆ ನುಂಗುತ್ತಿರುವವರಲ್ಲಿ ಫಲಿತಾಂಶವನ್ನು ನಂಬುವಂತಿಲ್ಲ.

ಇವೆಲ್ಲವೂ ಅಳತೆ ಗೊತ್ತಿರುವವರ ಕೈಯಲ್ಲಿನ ಮಾತು. ಇತ್ತೀಚೆಗೆ ರೆಪ್ಪೆ ಅಂಟಿಸುವ ಮುಂಚೆ, ಜೆಲ್ ಹಚ್ಚುವ ಮುಂಚೆ “ಪ್ಯಾಚ್ ಟೆಸ್ಟ್ ಮಾಡಿ ನೋಡೋಣ” ಎಂದು ಕಿವಿಯ ಹಿಂದೆ, ಮೊಣಕೈ ಒಳಗೆ ಒಂದು ತೊಟ್ಟು ಹಚ್ಚುವ ರೂಢಿ ಬಂದಿದೆ. ಅಂತರ್ಜಾಲದಲ್ಲಿಯೂ ಇದೇ ಸಲಹೆ. ಅಕ್ರಿಲೇಟ್ ಇರುವ ಸಾಮಗ್ರಿಗಳಿಗೆ ದಯವಿಟ್ಟು ಇದನ್ನು ಮಾಡಬೇಡಿ. ದೀಪ ಕಾಣದ ಜೆಲ್‌ನಲ್ಲಿ ಮಾನೊಮರ್ ನಮ್ಮ ಬಟ್ಟಲಿನಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಅದನ್ನು ಹಾಗೇ ಚರ್ಮಕ್ಕೆ ಹಚ್ಚುವುದು ಇಲ್ಲದ ಅಲರ್ಜಿಗೆ ಆಹ್ವಾನ. ಮೊದಲ ಸಲ ಹಚ್ಚಿದಾಗ ಎರಡು ದಿನದಲ್ಲಿ ಏನೂ ಕಾಣದಿದ್ದರೆ ಅದರಿಂದ ಮುಂದಿನ ಭದ್ರತೆಯೂ ಸಿಗುವುದಿಲ್ಲ. ವೈದ್ಯ ಮಿತ್ರರಿಗೂ ಇದೇ ಮಾತು ಹೇಳುತ್ತೇನೆ. ರೋಗಿ ತಂದ ಗೋಂದು, ರಾಳ, ಜೆಲ್ ಯಾವುದನ್ನೂ ಹಾಗೇ ಬಟ್ಟಲಿಗೆ ಹಾಕಬೇಡಿ. ಒಳಗಿರುವುದೇನು, ಯಾವ ಪ್ರಮಾಣ ಸುರಕ್ಷಿತ ಎಂದು ತಿಳಿದ ಮೇಲೆ ಮಾತ್ರ.

ಯುರೋಪಿನ ಒಕ್ಕೂಟ 2020ರಲ್ಲಿ ನಿಯಮ ತಂದು, ಹೀಮಾ ಇರುವ ಉಗುರು ಸಾಮಗ್ರಿಗಳನ್ನು ವೃತ್ತಿಪರರಷ್ಟೇ ಬಳಸಬೇಕು, ಅಲರ್ಜಿ ಬರಬಹುದೆಂಬ ಎಚ್ಚರಿಕೆ ಡಬ್ಬಿಯ ಮೇಲಿರಬೇಕು ಎಂದು ಗೊತ್ತುಮಾಡಿತು. 2021ರಿಂದ ಅದು ಜಾರಿಯಲ್ಲಿದೆ. ಗ್ರಾಹಕರಿಗೆ ಅದರಿಂದ ಸ್ವಲ್ಪ ರಕ್ಷಣೆ ಸಿಕ್ಕಿತು, ದಿನವಿಡೀ ಅದನ್ನೇ ಮುಟ್ಟುವ ವೃತ್ತಿಪರ ಹೆಣ್ಣುಮಕ್ಕಳಿಗೆ ಅಷ್ಟಾಗಿ ಇಲ್ಲ. ಈಗ ‘ಹೀಮಾ ರಹಿತ’ ಎಂಬ ಡಬ್ಬಿಗಳೂ ಬಂದಿವೆ. ಒಳಗೆ ಅದರ ಹತ್ತಿರದ ಬಂಧು ಹೈಡ್ರಾಕ್ಸಿಪ್ರೊಪೈಲ್ ಮೆಥಾಕ್ರಿಲೇಟ್ ಇರಬಹುದು. ಹೀಮಾಗೆ ಅಲರ್ಜಿ ಇರುವವರಲ್ಲಿ ಅನೇಕರಿಗೆ ಅದೂ ಆಗುವುದಿಲ್ಲ. ನಮ್ಮಲ್ಲಿ ಬ್ಯೂಟಿಷಿಯನ್ ತರಬೇತಿ ಕೊಡುವ ಕೇಂದ್ರಗಳು ಹೂವು, ಮಿನುಗು, ವಿನ್ಯಾಸ ಕಲಿಸುವಷ್ಟೇ ಶ್ರದ್ಧೆಯಿಂದ ದೀಪದ ಹೊಂದಾಣಿಕೆ, ಮುಟ್ಟದೆ ಹಚ್ಚುವ ವಿಧಾನ, ಧೂಳು ಹೀರುವ ವ್ಯವಸ್ಥೆ, ಸರಿಯಾದ ಗವಸು ಇವುಗಳನ್ನು ಕಲಿಸಬೇಕೆಂದು ಈ ವೇದಿಕೆಯಿಂದ ಕೇಳಿಕೊಳ್ಳುತ್ತೇನೆ.

ಅಲರ್ಜಿ ಖಚಿತವಾದವರು ಹಲ್ಲಿನ ವೈದ್ಯರಿಗೆ ಮೊದಲೇ ಹೇಳಬೇಕು. ಹೇಳಿದರೆ ರಬ್ಬರ್ ಹಾಳೆ ಕಟ್ಟಿ, ಒಸಡಿಗೆ ತಾಗದಂತೆ, ಪೂರ್ತಿ ಗಟ್ಟಿಮಾಡಿ ಫಿಲ್ಲಿಂಗ್ ಹಾಕಲು ಸಾಧ್ಯ. ಬಹುತೇಕರು ಅದನ್ನು ತಾಳಿಕೊಳ್ಳುತ್ತಾರೆ. ಮಂಡಿ ಅಥವಾ ಸೊಂಟದ ಕೀಲು ಬದಲಿಸುವ ಮಾತು ಬಂದಾಗ ಮೂಳೆತಜ್ಞರಿಗೆ ಹೇಳಬೇಕು, ಸಿಮೆಂಟ್ ಇಲ್ಲದೆ ಕೂರಿಸುವ ಕೀಲುಗಳೂ ಇವೆ. ಗಾಯ ಮುಚ್ಚಲು ಗೋಂದು ಬಳಸುವವರಿಗೂ, ಸಕ್ಕರೆಯ ಬಿಲ್ಲೆ ಬರೆದುಕೊಡುವವರಿಗೂ ಹೇಳಬೇಕು.

ಇದಕ್ಕಾಗಿ ಪರೀಕ್ಷೆ ಮಾಡಿದ ಪ್ರತಿಯೊಬ್ಬ ವೈದ್ಯರೂ ರೋಗಿಯ ಕೈಗೆ ಒಂದು ಚೀಟಿ ಕೊಡಬೇಕು ಎಂಬುದು ನನ್ನ ಕೋರಿಕೆ. ಅದರಲ್ಲಿ ವಸ್ತುವಿನ ಹೆಸರು ಕನ್ನಡದಲ್ಲಿಯೂ, ಡಬ್ಬಿಗಳ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಹೇಗಿರುತ್ತದೋ ಹಾಗೆಯೂ ಇರಬೇಕು. ಯಾವ ಪ್ರಮಾಣದಲ್ಲಿ ಪರೀಕ್ಷಿಸಿದೆವು, ಯಾವ ಯಾವ ದಿನ ಓದಿದೆವು ಎಂಬುದಿರಬೇಕು. ಕೆಳಗೆ ಒಂದು ಸಾಲು ಕಡ್ಡಾಯವಾಗಿ ಇರಬೇಕು: ಪಟ್ಟಿ ತೆಗೆದ ಮೇಲೆ ಒಂದು ತಿಂಗಳೊಳಗೆ ಬೆನ್ನಿನ ಅದೇ ಜಾಗ ತುರಿಸಿದರೆ, ಕೆಂಪಾದರೆ, ಉಬ್ಬಿದರೆ ತಪ್ಪದೆ ವಾಪಸ್ ಬಂದು ತೋರಿಸಿ, ಬರಲಾಗದಿದ್ದರೆ ಮೊಬೈಲಿನಲ್ಲಿ ಫೋಟೊ ತೆಗೆದು ದಿನಾಂಕದೊಂದಿಗೆ ಕಳಿಸಿ. ಹಾಗೆ ಬಂದದ್ದನ್ನು ನಾವು ದಾಖಲಿಸಿ ಪ್ರಕಟಿಸಿದರೆ ಮಾತ್ರ, ನಮ್ಮ ಬಿಸಿಲಲ್ಲಿ, ನಮ್ಮ ಚರ್ಮದ ಮೇಲೆ, ಶೇಕಡಾ 2 ಎಂಬ ಅಳತೆ ಎಷ್ಟರಮಟ್ಟಿಗೆ ಸರಿ ಎಂದು ನಮಗೆ ತಿಳಿಯುತ್ತದೆ.